ಸೋತವರನ್ನು ಮನೆಗೆ ಕಳಿಸದ ರಗ್ಬಿ ಸಮಿತಿಗೆ

ಕಾಸ್ತೆರಾಕ್,
ಜೂನ್ ಮೊದಲ ಗುರುವಾರ, ಬೆಳಿಗ್ಗೆ

ಮಾನ್ಯರೇ,

ಯುರೋಪಿನ ರಗ್ಬಿ ಕ್ಲಬ್ಬುಗಳ ಮಹಾ ಕಪ್‌ಗೆ ವರ್ಷಕ್ಕೊಂದು ಹೊಸ ರೂಪ ಕೊಟ್ಟು ನಮ್ಮಂಥವರ ಬುದ್ಧಿಗೆ ತುಕ್ಕು ಹಿಡಿಯದಂತೆ ಕಾಪಾಡುತ್ತಿರುವ ಘನ ಸಮಿತಿಯ ಅಧ್ಯಕ್ಷರಿಗೂ, ಉಪಾಧ್ಯಕ್ಷರಿಗೂ, ಉಪಾಧ್ಯಕ್ಷರ ಸಲಹೆಗಾರರಿಗೂ, ಆ ಸಲಹೆಗಾರರಿಗೆ ಪೆನ್ಸಿಲ್ ಕೆತ್ತಿಕೊಡುವವರಿಗೂ, ಕಾಸ್ತೆರಾಕ್ ಊರಿನ ನಿವೃತ್ತ ಸ್ಟೇಷನ್ ಮಾಸ್ತರನಾದ ಫಿರ್ಮಾಂ ಲಾಫಾರ್ಗ್ ಎಂಬ ನಾನು ತಲೆಯ ಟೋಪಿ ತೆಗೆದು, ಎಪ್ಪತ್ತನಾಲ್ಕರ ಸೊಂಟ ಎಷ್ಟು ಬಗ್ಗುತ್ತದೋ ಅಷ್ಟು ಬಗ್ಗಿ ಮಾಡುವ ವಂದನೆಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರಲೇಬೇಕು, ಮೈಯಲ್ಲಿ ಸ್ವಾಸ್ಥ್ಯವಿಲ್ಲದವರಿಂದ ಇಷ್ಟು ಹುರುಪಿನ ಕೆಲಸ ಆಗುವಂಥದ್ದಲ್ಲ.

ತಮ್ಮ ಸಮಯದ ಬೆಲೆ ನನಗೆ ಗೊತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮೂರ ಚೌಕದಲ್ಲಿ ಸೊಲಾಂಜ್ ದುಕಾಸು ಎಂಬ ಹೆಣ್ಣುಮಗಳು ನಡೆಸುವ ಕೆಫೆ ಇದೆ. ಆ ಕೆಫೆಯ ಒಳಗೋಡೆಗೆ ಒಂದು ಕರಿಹಲಗೆ ಹೊಡೆದಿದೆ. ತಮ್ಮ ಕಪ್ ಹುಟ್ಟಿದ ವರ್ಷದಿಂದ, ನಮ್ಮ ಕ್ಲಬ್ಬು ಅದರಲ್ಲಿ ಆಡಿದ ವರ್ಷವೂ ಆಡದ ವರ್ಷವೂ, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಹಲಗೆಯ ಮುಂದೆ ನಿಂತು, ಯಾರು ಯಾವ ಗುಂಪಿನಲ್ಲಿದ್ದಾರೆ, ಯಾರು ಸೋತರೆ ಯಾರಿಗೆ ಹಬ್ಬ, ನಾವು ಇನ್ನೂ ಉಳಿದಿದ್ದೇವೋ ಹೋಗಿದ್ದೇವೋ ಎಂಬುದನ್ನು ಊರಿಗೆ ಬಿಡಿಸಿ ಹೇಳುವ ಕೆಲಸ ನನ್ನದಾಗಿತ್ತು. ನಮ್ಮೂರಿಗೆ ರೈಲು ಬರುವುದು ನಿಂತು ಬಹಳ ಕಾಲವಾಯಿತು. ನಿಂತ ಮೇಲೆ ಈ ಊರಿನಲ್ಲಿ ಯಾರಾದರೂ ನನ್ನನ್ನು ‘ಎಷ್ಟು ಹೊತ್ತಿಗೆ?’, ‘ಎಲ್ಲಿಂದ ಎಲ್ಲಿಗೆ?’ ಎಂದು ಕೇಳುತ್ತಿದ್ದರೆ ಅದು ಆ ಹಲಗೆಯ ಮುಂದೆ ಮಾತ್ರ.

ಏಪ್ರಿಲ್ ತಿಂಗಳಲ್ಲಿ ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡರು. ನಾಡಿದ್ದು ಶನಿವಾರ ಹನ್ನೊಂದು ಗಂಟೆಗೆ ಅಭಿಮಾನಿಗಳ ಸಂಘದ ವಾರ್ಷಿಕ ಸಭೆ. ಆ ಸೀಮೆಸುಣ್ಣವನ್ನು ಕ್ಷೌರದಂಗಡಿಯ ನೊಯೆಲಿ ಪೆಯ್ರೂ ಎಂಬಾಕೆಗೆ ಖಾಯಂ ಆಗಿ ಕೊಡಬೇಕೋ, ನನಗೆ ಹಿಂದಿರುಗಿಸಬೇಕೋ ಎಂಬುದು ಅಲ್ಲಿ ಕೈಯೆತ್ತಿ ತೀರ್ಮಾನವಾಗುತ್ತದೆ. ಆದಕಾರಣ ತಮ್ಮ ಸಮಿತಿಯ ಮೊಹರು ಒತ್ತಿದ ಒಂದು ಪ್ರಮಾಣಪತ್ರವನ್ನು ಬೇಡಿ ಈ ಪತ್ರ. ಅದರಲ್ಲಿ ಹೆಚ್ಚೇನೂ ಬೇಡ. ‘ನಮ್ಮ ಕಪ್‌ನ ಈಗಿನ ಸ್ವರೂಪವು ಬುದ್ಧಿ ನೆಟ್ಟಗಿರುವ ಮನುಷ್ಯನಿಗೆ ಅರ್ಥವಾಗುವಂಥದ್ದಲ್ಲ, ಲಾಫಾರ್ಗ್ ಅವರಿಗೆ ಅರ್ಥವಾಗದಿದ್ದುದು ಅವರ ಬುದ್ಧಿ ನೆಟ್ಟಗಿರುವುದಕ್ಕೆ ಸಾಕ್ಷಿ’ ಎಂದು ಎರಡು ಸಾಲು ಸಾಕು.

ನಾನು ಅಡ್ಡದಾರಿಯಲ್ಲಿ ಬಂದವನಲ್ಲ ಎಂದು ತಮಗೆ ಮನವರಿಕೆಯಾಗಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಮೊದಲ ವರ್ಷ ಇದ್ದದ್ದು ಹನ್ನೆರಡು ಕ್ಲಬ್ಬು. ಮೂರು ಮೂರರಂತೆ ನಾಲ್ಕು ಗುಂಪು; ಗುಂಪಿನಲ್ಲಿ ಮೊದಲು ಬಂದವನು ಸೆಮಿಫೈನಲ್‌ಗೆ, ಉಳಿದವನು ಮನೆಗೆ. ಇಂಗ್ಲಿಷರು ಆ ವರ್ಷ ಬರಲಿಲ್ಲ, ಬರಲಿಲ್ಲವೆಂದು ನಮ್ಮೂರಲ್ಲಿ ಯಾರೂ ಅಳಲೂ ಇಲ್ಲ. ನಾನು ಅದನ್ನು ನಾಲ್ಕು ನಿಮಿಷದಲ್ಲಿ ಹೇಳಿ ಮುಗಿಸಿದೆ, ನನ್ನ ಕಾಫಿ ಇನ್ನೂ ಬಿಸಿಯಾಗಿತ್ತು. ಸೊಲಾಂಜ್ ಆಗ ಮೂವತ್ತರ ಹುಡುಗಿ. “ಇಷ್ಟೇನಾ ಮಾಸ್ತರೇ? ಇದಕ್ಕೆ ಹಲಗೆ ಯಾಕೆ ಬೇಕಿತ್ತು, ಬಾಯಲ್ಲೇ ಹೇಳಬಹುದಿತ್ತಲ್ಲ!” ಅಂದಳು. ಆ ಮಾತು ತಮ್ಮ ಕಿವಿಗೆ ಬಿತ್ತೆಂದು ಕಾಣುತ್ತದೆ.

ಮರುವರ್ಷ ಇಂಗ್ಲಿಷರು ಬಂದರು, ಕ್ಲಬ್ಬು ಇಪ್ಪತ್ತಾದವು, ಗುಂಪಿಗೆ ಐದೈದು. ಅದರ ಮರುವರ್ಷ ಗುಂಪಿಗೆ ನಾಲ್ಕು, ಆದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಮನೆಗೆ ಹೋಗಿ ಒಮ್ಮೆ, ಕರೆದು ಒಮ್ಮೆ ಆಡಬೇಕು. ಆಮೇಲೆ ಇಂಗ್ಲಿಷರು ಮತ್ತೊಮ್ಮೆ ಮುನಿಸಿಕೊಂಡು ಒಂದು ವರ್ಷ ಮನೆಯಲ್ಲೇ ಕೂತರು, ಮತ್ತೆ ಬಂದರು. ಬಂದಮೇಲೆ ಕ್ಲಬ್ಬು ಇಪ್ಪತ್ತನಾಲ್ಕು, ಗುಂಪು ಆರು. ಆರು ಗುಂಪಿನ ಮೊದಲಿಗರೂ, ಎರಡನೆಯವರಲ್ಲಿ ಒಳ್ಳೆಯವರಿಬ್ಬರೂ ಎಂಟರ ಸುತ್ತಿಗೆ. ಮಾನ್ಯರೇ, ಆ ಪದ್ಧತಿಯನ್ನು ತಾವು ಹತ್ತಾರು ವರ್ಷ ಹಾಗೇ ಬಿಟ್ಟಿರಿ. ಅಷ್ಟು ದಿನ ತಮ್ಮ ಸಮಿತಿಯವರು ಸಭೆಯಲ್ಲಿ ಏನು ಮಾಡುತ್ತಿದ್ದರೋ ಎಂದು ನನಗೆ ಈಗಲೂ ಆಶ್ಚರ್ಯ. ಡಿಸೆಂಬರ್ ಬಂದರೆ ಐರಿಷರೋ ವೆಲ್ಷರೋ ಬಸ್ಸಿಳಿದು ಚೌಕದಲ್ಲಿ ಹಾಡುವರು, ನಾವು ಅವರಿಗೆ ಬಾತುಕೋಳಿ, ಎಲೆಕೋಸು, ಬಿಳಿ ಹುರುಳಿಕಾಳು ಹಾಕಿ ಕುದಿಸಿದ ಗಾರ್ಬ್ಯೂರ್ ಸಾರು ಬಡಿಸುವೆವು, ಮುಂದಿನ ವಾರ ಅವರೂರಿಗೆ ಹೋಗಿ ಅವರು ಬಡಿಸಿದ್ದನ್ನು ದೇವರ ಮೇಲೆ ಭಾರ ಹಾಕಿ ತಿನ್ನುವೆವು. ಸೋತರೆ ಸೋತೆವು. ಐದು ಗಂಟೆಗೆ ಸೋಲು, ಆರರವರೆಗೆ ಅಳು, ಏಳಕ್ಕೆ ಊಟ. ಅದಕ್ಕಿಂತ ಹೆಚ್ಚಿನ ಸುಖವನ್ನು ನಾವು ಯಾರನ್ನೂ ಕೇಳಿದವರಲ್ಲ.

ಆ ಸುಖ ತಮಗೆ ನೋಡಲಾಗಲಿಲ್ಲ. ಮೊದಲು ಇಪ್ಪತ್ತನಾಲ್ಕನ್ನು ಇಪ್ಪತ್ತು ಮಾಡಿದಿರಿ. ಆಮೇಲೆ ಲೋಕಕ್ಕೆಲ್ಲ ರೋಗ ಬಂದ ವರ್ಷ ಹನ್ನೆರಡು ಹನ್ನೆರಡರ ಎರಡು ಗುಂಪು ಮಾಡಿ, ಎರಡು ಪಂದ್ಯ ಆಡಿಸಿ, ಆಡದೇ ಉಳಿದ ಪಂದ್ಯಗಳಿಗೂ ಇಪ್ಪತ್ತೆಂಟು–ಸೊನ್ನೆ ಎಂದು ಫಲಿತಾಂಶ ಬರೆದಿರಿ. ಆಡದ ಪಂದ್ಯಕ್ಕೆ ಅಂಕ ಕೊಡುವ ಆ ಕಲೆಯನ್ನು ನಾನು ನನ್ನ ಇಲಾಖೆಯಲ್ಲಿ ಕಂಡಿರಲಿಲ್ಲ. ಬರದ ರೈಲನ್ನು ಸರಿಯಾದ ಹೊತ್ತಿಗೆ ಬಂತೆಂದು ಬರೆಯುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಮುಂದೆ ದಕ್ಷಿಣ ಆಫ್ರಿಕಾದ ಕ್ಲಬ್ಬುಗಳನ್ನೂ ಯುರೋಪಿನ ಕಪ್‌ಗೆ ಸೇರಿಸಿಕೊಂಡಿರಿ. ಅದನ್ನು ಹಲಗೆಯ ಮೇಲೆ ಬರೆದ ದಿನ ಸೊಲಾಂಜ್ ಲೋಟ ಒರೆಸುತ್ತಿದ್ದವಳು ನಿಂತು, “ಯುರೋಪು ಯಾವಾಗ ಅಷ್ಟು ಕೆಳಗಡೆ ಇಳೀತು ಮಾಸ್ತರೇ?” ಎಂದು ಕೇಳಿದಳು. ತಮ್ಮ ಮರ್ಯಾದೆ ಉಳಿಸಲು ನಾನು, “ಭೂಪಟಾನ ಮಡಚಿಟ್ಟಿದ್ರಂತೆ, ಮಡಿಕೆಯಲ್ಲಿ ಎರಡೂ ಒಂದಕ್ಕೊಂದು ತಾಗಿಬಿಟ್ವಂತೆ” ಎಂದೆ. ಅವಳು ನಂಬಿದಳೆಂದು ಹೇಳಲಾರೆ.

ಇನ್ನು ಈಗಿನ ಸ್ವರೂಪ. ಇದನ್ನು ಹೊಗಳಲು ನನ್ನಲ್ಲಿ ಮಾತಿಲ್ಲವಾದರೂ ಪ್ರಯತ್ನ ಮಾಡುತ್ತೇನೆ. ಆರು ಕ್ಲಬ್ಬುಗಳ ನಾಲ್ಕು ಗುಂಪು. ಒಂದು ಗುಂಪಿನಲ್ಲಿ ಆರು ಮಂದಿ ಇದ್ದರೂ ಒಬ್ಬೊಬ್ಬರೂ ಆಡುವುದು ನಾಲ್ಕೇ ಪಂದ್ಯ, ಏಕೆಂದರೆ ಒಂದೇ ಲೀಗಿನವರು ಒಂದೇ ಗುಂಪಿನಲ್ಲಿದ್ದರೂ ಪರಸ್ಪರ ಆಡುವಂತಿಲ್ಲ. ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರ ಮುಖ ಒಬ್ಬರು ನೋಡಕೂಡದೆಂದ ಹಾಗೆ. ನಾಲ್ಕು ಪಂದ್ಯ ಮುಗಿದಮೇಲೆ ಆರರಲ್ಲಿ ನಾಲ್ವರು ಮುಂದಕ್ಕೆ ಹೋಗುತ್ತಾರೆ. ಐದನೆಯವನು ಹೊರಗೆ ಬೀಳುತ್ತಾನೆಯೇ? ಛೆ, ಛೆ! ಅವನನ್ನು ಕೈಹಿಡಿದು ಪಕ್ಕದ ಚಿಕ್ಕ ಕಪ್‌ಗೆ ಕೂರಿಸುತ್ತೀರಿ. ಇಷ್ಟು ಸಾಹಸ ಪಟ್ಟು ಮನೆಗೆ ಕಳಿಸುವುದು ಗುಂಪಿಗೆ ಒಬ್ಬನನ್ನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತನ್ನು ನಾವು ಬಾಯಲ್ಲಿ ಆಡಿದೆವು, ತಾವು ಅದಕ್ಕೆ ವೇಳಾಪಟ್ಟಿ ಬರೆದಿರಿ. ಸೋತವರಿಗೂ, ಏಳು ಅಂಕದೊಳಗೆ ಸೋತಿದ್ದರೆ, ಸಮಾಧಾನಕ್ಕೆ ಒಂದು ಬೋನಸ್ ಅಂಕ ಇದ್ದೇ ಇದೆ. ನಾವು ಈ ವರ್ಷ ಒಂದು ಪಂದ್ಯ ಗೆದ್ದು ನಾಲ್ಕು ಅಂಕ ಪಡೆದು, ಮೂರು ಸೋತು, ಆ ಮೂರರಲ್ಲಿ ಎರಡನ್ನು ಅಚ್ಚುಕಟ್ಟಾಗಿ ಸೋತು, ಒಟ್ಟು ಆರು ಅಂಕ ಗಳಿಸಿದೆವು.

ಈಗ ಆ ಶನಿವಾರದ ಸಂಗತಿ. ಜನವರಿ, ಕಡೆಯ ಪಂದ್ಯ, ನಮ್ಮದೇ ಮೈದಾನ. ವೆಲ್ಷರು ನಮ್ಮನ್ನು ನಾಲ್ಕು ಅಂಕದಿಂದ ಸೋಲಿಸಿದರು. ಐದು ಗಂಟೆಗೆ ಊರೆಲ್ಲ ಕೆಫೆಗೆ ನುಗ್ಗಿ ನನ್ನ ಮುಖ ನೋಡಿತು. ಹೊಳೆಯಾಚೆಗಿನ ಪೆಯ್ರುಸಾಕ್ ಊರಿನ ಕ್ಲಬ್ಬು ನಮ್ಮದೇ ಗುಂಪಿನಲ್ಲಿತ್ತು, ಅವರೂ ಅದೇ ಮಧ್ಯಾಹ್ನ ಸ್ಕಾಟ್ಲೆಂಡಿನಲ್ಲಿ ಸೋತಿದ್ದರು, ಅವರದ್ದೂ ಆರೇ ಅಂಕ. ನಾಲ್ಕನೆಯ ಜಾಗ ಒಂದು, ಅರ್ಹರು ಇಬ್ಬರು. ನಾನು ಹಲಗೆಯ ಮುಂದೆ ನಿಂತು, ಸಮ ಬಂದಾಗ ಪರಸ್ಪರರ ಪಂದ್ಯ ನೋಡಬೇಕೆಂದು ಹೇಳಿ, ಪೆಯ್ರುಸಾಕ್ ಎಂದು ನಾಲ್ಕನೆಯ ಸಾಲಿನಲ್ಲಿಯೂ, ನಮ್ಮ ಹೆಸರನ್ನು ಐದನೆಯ ಸಾಲಿನಲ್ಲಿಯೂ ಬರೆದೆ. ಯಾಕೆಂದರೆ ಅಕ್ಟೋಬರಿನಲ್ಲಿ ಅವರು ನಮ್ಮನ್ನು ನಮ್ಮ ದೇಶದ ಲೀಗಿನಲ್ಲಿ ಸೋಲಿಸಿದ್ದರು. ಮೂವತ್ತೊಂದು–ಒಂಬತ್ತು. ನಮ್ಮ ಮೈದಾನದಲ್ಲೇ. ಆಮೇಲೆ ನಮ್ಮದೇ ಚೌಕದಲ್ಲಿ ಅವರ ಬ್ಯಾಂಡಿನವರು ಎರಡು ಗಂಟೆ ತುತ್ತೂರಿ ಊದಿದ್ದರು.

ಆ ಅಕ್ಟೋಬರ್ ಪಂದ್ಯಕ್ಕೂ ತಮ್ಮ ಕಪ್‌ಗೂ ಕೂದಲೆಳೆಯಷ್ಟು ಸಂಬಂಧವಿಲ್ಲವೆಂದು ನನಗೀಗ ಗೊತ್ತು. ಇಲ್ಲಿ ನೋಡುವುದು ಗುಂಪಿನ ಪಂದ್ಯಗಳ ಒಟ್ಟು ಅಂಕದ ಅಂತರ, ಅದರಲ್ಲಿ ನಾವು ಅವರಿಗಿಂತ ಒಂಬತ್ತು ಅಂಕ ಮೇಲಿದ್ದೆವು. ಆದರೆ ಮಾನ್ಯರೇ, ಕಾಸ್ತೆರಾಕಿನವನಿಗೆ ಪೆಯ್ರುಸಾಕಿನ ಕೈಲಿ ಸೋತದ್ದಕ್ಕಿಂತ ದೊಡ್ಡ ನಿಯಮ ಭೂಮಿಯ ಮೇಲೆ ಯಾವುದಿದೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಕೆಫೆಯಲ್ಲಿದ್ದ ಅರವತ್ತು ಜನರಲ್ಲಿ ಒಬ್ಬರಾದರೂ ಚಕಾರವೆತ್ತಲಿಲ್ಲ. ಇವತ್ತು ನನ್ನ ಜಾಗಕ್ಕೆ ಬಂದಿರುವ ನೊಯೆಲಿಯೇ ಮೊದಲು ಕಣ್ಣೀರು ಹಾಕಿದ್ದು. “ಹೋಗ್ಲಿ ಬಿಡಿ, ಅವರ ಮುಂದೆ ನಾವು ಯಾವತ್ತೂ ಐದನೇಯವರೇ” ಅಂದವಳೂ ಅವಳೇ.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿಯನ್ನು ತಮ್ಮ ಗಮನಕ್ಕೆ ತರಬೇಕು. ನಮ್ಮ ತಂಡದ ನಾಯಕ ಬಾಸ್ತಿಯಾಂ ಸಾರ್ತು. ಎರಡೂ ಕಡೆಯವರು ಎಂಟೆಂಟು ಜನ ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್ಮಿನ ಮುಂಸಾಲಿನಲ್ಲಿ ನಟ್ಟನಡುವೆ ನಿಂತು ಎಂಟೂ ಜನರ ಭಾರ ಹೊರುವವನು, ಮೂವತ್ತೇಳು ವಯಸ್ಸು. ಅವನಪ್ಪ ನನ್ನ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದ. ನನ್ನನ್ನು ಹುಡುಗ ‘ಮಾಮ’ ಎಂದೇ ಕರೆಯುವುದು. ತಮ್ಮ ಕಪ್‌ಗೆಂದೇ ಅವನು ಹನ್ನೆರಡು ವರ್ಷದಿಂದ ಒಂದು ಜೊತೆ ಬೂಟು ಬೇರೆ ಇಟ್ಟಿದ್ದ. ಲೀಗಿನ ಪಂದ್ಯಕ್ಕಾಗಲಿ ಚಿಕ್ಕ ಕಪ್‌ಗಾಗಲಿ ಅದನ್ನು ಮುಟ್ಟುತ್ತಿರಲಿಲ್ಲ. ಇದೇ ತನ್ನ ಕಡೆಯ ಕಪ್ ಎಂದು ಬೇಸಗೆಯಲ್ಲೇ ಹೇಳಿದ್ದ. ನಮ್ಮಲ್ಲಿ ಒಬ್ಬ ಆಟಗಾರ ಕಡೆಯ ಕಪ್ ಆಡಿ ಮುಗಿಸಿದ ಸಂಜೆ, ಅವನ ಕಪ್ ಬೂಟುಗಳಿಗೆ ಸಿಮೆಂಟ್ ಗಾರೆ ತುಂಬಿ ಕ್ಲಬ್ಬಿನ ಕಾಂಪೌಂಡ್ ಗೋಡೆಯ ಮೇಲೆ ಕೂರಿಸುತ್ತೇವೆ. ಗೋಡೆಯ ಮೇಲೆ ಈಗ ಹತ್ತೊಂಬತ್ತು ಜೊತೆ ಇವೆ. ಗಾರೆ ಕಲಸುವವನು ಊರಿನ ಮೇಸ್ತ್ರಿ, ಮೊದಲ ಕರಣೆ ಹಾಕುವವನು ಹಲಗೆಯ ಮಾಸ್ತರ.

ಹಾಕಿದೆ. ಕೈಯಾರೆ ಹಾಕಿದೆ. ಬಾಸ್ತಿಯಾಂ ಬರಿಗಾಲಲ್ಲಿ ಜನರ ಹೆಗಲೇರಿ ಚೌಕವನ್ನು ಮೂರು ಸುತ್ತು ಬಂದ. ಅವನ ತಾಯಿ ಸೇಬು, ಅರ್ಮಾನ್ಯಾಕ್ ಬ್ರಾಂದಿ ಹಾಕಿದ ಪದರ ಪದರದ ಕಡುಬು ಎಂಟು ತಟ್ಟೆ ತಂದಳು. ನಾನು ಭಾಷಣ ಮಾಡಿದೆ, ಅತ್ತೆ, ಕೂತೆ. ಅಷ್ಟು ಒಳ್ಳೆಯ ಬೀಳ್ಕೊಡುಗೆ ನಮ್ಮೂರಿನಲ್ಲಿ ಬಹಳ ವರ್ಷಗಳಿಂದ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೆಫೆಯ ಫೋನು ಬಡಿದುಕೊಂಡಿತು. ಪೆಯ್ರುಸಾಕ್ ಕ್ಲಬ್ಬಿನ ಕಾರ್ಯದರ್ಶಿ. ಸೊಲಾಂಜ್ ಎತ್ತಿಕೊಂಡಳು, ಎರಡು ಕ್ಷಣ ಕೇಳಿದಳು, ನನ್ನ ಕೈಗೆ ಕೊಟ್ಟಳು. “ಏನ್ ಮಾಸ್ತರೇ, ನಿನ್ನೆ ಹೆಣ ಎತ್ತಿದ್ರಂತೆ? ಊರೆಲ್ಲ ಅತ್ತಿದ್ದು ಇಲ್ಲೀವರೆಗೂ ಕೇಳಿಸ್ತು. ಸ್ವಲ್ಪ ಮೂಗಿನ ಹತ್ರ ಕೈ ಇಟ್ಟು ನೋಡಿ, ಉಸಿರಾಡ್ತಾ ಇದೆ! ನಾಲ್ಕನೇಯವರು ನೀವು, ಐರ್ಲೆಂಡಿಗೆ ಟಿಕೆಟ್ ತಗೊಳ್ಳಿ. ನಾವು ಐದನೇಯವರು, ಚಿಕ್ಕ ಕಪ್‌ಗೆ ಹೋಗ್ತೀವಿ. ಬಾಸ್ತಿಯಾಂಗೆ ನಮಸ್ಕಾರ ಹೇಳಿ. ಬೂಟು ಒಣಗಿದ್ವಾ?” ಎಂದು ಅವನು ಅಂದ ಮಾತನ್ನು ನಾನು ಇಲ್ಲಿ ಒಂದಕ್ಷರ ಬಿಡದೆ ಬರೆದಿದ್ದೇನೆ, ಬೇಕಾದರೆ ತಮ್ಮ ಕಡತದಲ್ಲಿ ಸೇರಿಸಿಕೊಳ್ಳಿ.

ಒಣಗಿದ್ದವು. ನಾನೂ ಬಾಸ್ತಿಯಾಂನೂ ಉಳಿ ಸುತ್ತಿಗೆ ಹಿಡಿದು ಗೋಡೆಯ ಹತ್ತಿರ ಹೋದೆವು. ಒಂದು ಗಂಟೆ ಬಡಿದಮೇಲೆ ಗೋಡೆ ಬಂತು, ಬೂಟು ಬರಲಿಲ್ಲ. ಮೇಸ್ತ್ರಿ ಬಂದು ನೋಡಿ, ತನ್ನ ಗಾರೆಯ ಗಟ್ಟಿತನಕ್ಕೆ ತಾನೇ ಹೆಮ್ಮೆಪಟ್ಟು ಹೋದ.

ಏಪ್ರಿಲ್‌ನಲ್ಲಿ ಐರ್ಲೆಂಡಿಗೆ ಹೋದೆವು. ಮಳೆ, ಕೆಸರು, ಅವರ ಹಾಡು. ಬಾಸ್ತಿಯಾಂ ಲೀಗಿನ ಬೂಟು ಹಾಕಿಕೊಂಡು ಇಳಿದ. ಕಡೆಯ ನಿಮಿಷದಲ್ಲಿ ನಾವು ಎರಡು ಅಂಕ ಹಿಂದಿದ್ದೆವು, ಅವರ ಗೆರೆಗೆ ಐದು ಮೀಟರಿನಲ್ಲಿ ಸ್ಕ್ರಮ್ಮು ನಮ್ಮದು. ತಳ್ಳಿದರು. ಮುಂದೆ ಹೋಯಿತು. ಇನ್ನೊಂದು ಹೆಜ್ಜೆ ಎನ್ನುವಾಗ ಬಾಸ್ತಿಯಾಂನ ಬಲಗಾಲು ಕುಸಿದು ಸ್ಕ್ರಮ್ಮು ಗುಡ್ಡೆಯಾಗಿ ಬಿತ್ತು, ಸೀಟಿ ಕೂಗಿತು, ಮುಗಿಯಿತು.

ಅದರ ಮರು ಸೋಮವಾರ ಹನ್ನೊಂದಕ್ಕೆ ನಾನು ಎಂದಿನಂತೆ ಹಲಗೆಯ ಮುಂದೆ ನಿಂತೆ. “ಕಪ್ ಬೂಟು ಇದ್ದಿದ್ರೆ ಜಾರ್ತಿತ್ತಾ?” ಎಂದು ಹಿಂದಿನಿಂದ ಯಾರೋ ಅಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಹೇಳಬಹುದಿತ್ತು, ಆದರೆ ಬಾಸ್ತಿಯಾಂ ಅಲ್ಲೇ ಕೂತಿದ್ದ, ಹೇಗೆ ಹೇಳಲಿ? ನೊಯೆಲಿ ಮಾತ್ರ ಬಿಡಲಿಲ್ಲ. “ಬೂಟನ್ನೇ ಹೋಗಿ ಕೇಳಿ, ಗೋಡೆ ಮೇಲೆ ಯಾರು ಕೂರಿಸಿದ್ದು ಅಂತ” ಅಂದಳು. ಆಗ ಸೊಲಾಂಜ್ ಎದ್ದು ಬಂದು, ಮೆಲ್ಲಗೆ, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ಸೀಮೆಸುಣ್ಣ ತೆಗೆದುಕೊಂಡಳು. “ಮಾಸ್ತರೇ, ಸ್ವಲ್ಪ ದಿನ ಕೂತ್ಕೊಂಡು ಕೇಳಿ. ನಿಂತ್ಕೊಂಡು ಹೇಳಿದ್ದು ಸಾಕು.”

ನನಗೆ ಬಹಳ ನೋವಾಯಿತು ಮಾನ್ಯರೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದಿನಿಂದ ಎಂಟು ವಾರವಾಯಿತು, ಸೋಮವಾರ ಹನ್ನೊಂದಕ್ಕೆ ನಾನು ಚೌಕದ ಇನ್ನೊಂದು ಬದಿಯಿಂದ ನಡೆದು ಸ್ಟೇಷನ್ನಿಗೆ ಹೋಗಿ, ರೈಲು ಬಾರದ ಪ್ಲಾಟ್‌ಫಾರಂ ಮೇಲೆ ಅರ್ಧ ಗಂಟೆ ಕೂತು ಬರುತ್ತೇನೆ. ಕೆಫೆಯ ಕಿಟಕಿಯಿಂದ ಹಲಗೆ ಕಾಣುತ್ತದೆ. ನೊಯೆಲಿ ಅದರ ಮೇಲೆ ಗುಂಪನ್ನೂ ಬರೆಯುವುದಿಲ್ಲ, ಅಂಕವನ್ನೂ ಬರೆಯುವುದಿಲ್ಲ. ದೊಡ್ಡ ಅಕ್ಷರದಲ್ಲಿ ‘ಗೆದ್ದರೆ ಒಳಗೆ. ಸೋತರೆ ಫೋನ್ ಮಾಡಿ ಕೇಳೋಣ’ ಎಂದು ಒಂದೇ ಸಾಲು ಬರೆದಿದ್ದಾಳೆ. ಊರೆಲ್ಲ ಅದನ್ನು ಓದಿ ತಲೆದೂಗುತ್ತದೆ. ಮೂವತ್ತು ವರ್ಷ ನಾನು ಹೇಳಿದ್ದು ಇಷ್ಟು ಚೆನ್ನಾಗಿ ಯಾರಿಗೂ ಅರ್ಥವಾಗಿರಲಿಲ್ಲವಂತೆ.

ಪೆಯ್ರುಸಾಕಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ತಮ್ಮ ಕೀರ್ತಿಗೆ ಕುಂದು. ಸೋತು ಕೆಳಗಿಳಿದ ಅವರು ಕಳೆದ ತಿಂಗಳು ಚಿಕ್ಕ ಕಪ್ ಗೆದ್ದು ತೆರೆದ ಬಸ್ಸಿನಲ್ಲಿ ಮೆರವಣಿಗೆ ಹೊರಟರು. ಸೋತರೂ ಮೇಲೇರಿದ ನಾವು ಕೈಬೀಸಿಕೊಂಡು ಮನೆಗೆ ಬಂದೆವು. ಬಸ್ಸು ಸೇತುವೆಯ ಈಚೆಗೂ ಒಂದು ಸುತ್ತು ಬಂದು ಹೋಯಿತು. ತುತ್ತೂರಿಯವರು ಅವರೇ. ಮುಂದೆ ಬಂದವನು ಹಿಂದುಳಿದು ಹಿಂದೆ ಬಿದ್ದವನು ಮುಂದಾಗುವ ದಿನ ಬರುತ್ತದೆಂದು ನಮ್ಮ ಪಾದ್ರಿಗಳು ಪ್ರತಿ ಭಾನುವಾರ ಹೇಳುತ್ತಾರೆ. ಅದನ್ನು ಇದೇ ಲೋಕದಲ್ಲಿ, ಅದೂ ಐದೇ ತಿಂಗಳಲ್ಲಿ ಮಾಡಿ ತೋರಿಸಿದ ಶ್ರೇಯಸ್ಸು ತಮ್ಮದು.

ಆದ್ದರಿಂದ ನನ್ನ ವಿನಂತಿಗಳು. ಪ್ರಮಾಣಪತ್ರ ಶನಿವಾರ ಹನ್ನೊಂದರೊಳಗೆ ತಲುಪಬೇಕು. ಅಂಚೆ ನಿಧಾನವಾದರೆ ಯಾರಾದರೂ ಒಬ್ಬ ಉಪಾಧ್ಯಕ್ಷರನ್ನೇ ಕಳಿಸಬಹುದು, ಊಟಕ್ಕೆ ನಮ್ಮಲ್ಲೇ ವ್ಯವಸ್ಥೆಯಿದೆ. ಅವರು ಬಂದವರು ಹಲಗೆಯ ಮುಂದೆ ನಿಂತು ಈಗಿನ ಸ್ವರೂಪವನ್ನು ಒಂದು ಸಲ, ಕಾಗದ ನೋಡದೆ, ನೊಯೆಲಿಗೆ ವಿವರಿಸಿ ಹೇಳಿದರೆ ಆಜೀವ ಋಣಿಯಾಗಿರುತ್ತೇನೆ. ಹಾಗೆಯೇ ನಿಯಮಾವಳಿಗೆ, ಕಾಸ್ತೆರಾಕ್ ಮತ್ತು ಪೆಯ್ರುಸಾಕ್ ಸಮ ಬಂದರೆ ಅಕ್ಟೋಬರ್ ತಿಂಗಳ ಪಂದ್ಯವನ್ನೇ ಎಣಿಸತಕ್ಕದ್ದೆಂದು ಒಂದು ಕಲಮು ಸೇರಿಸಬಹುದು. ಸೋತರೂ ಚಿಂತೆಯಿಲ್ಲ, ನಮಗೆ ಅರ್ಥವಾಗುವಂತೆ ಸೋತ ತೃಪ್ತಿ ಇರುತ್ತದೆ. ಯಾವ ಕ್ಲಬ್ಬೂ ಕಡೆಯ ಪಂದ್ಯವಾಗಿ ನಲವತ್ತೆಂಟು ಗಂಟೆ ಕಳೆಯುವವರೆಗೆ ಸಿಮೆಂಟು ಕಲಸಕೂಡದೆಂದು ಸುತ್ತೋಲೆ ಹೊರಡಿಸಿದರೂ ಒಳ್ಳೆಯದೇ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಮಾನ್ಯರೇ, ನಮ್ಮ ಸೋಲನ್ನು ನಮಗೆ ವಾಪಸ್ಸು ಕೊಡಿ. ಗೆಲುವು ನಾವು ಕೇಳುತ್ತಿಲ್ಲ, ಅದು ಹುಡುಗರ ಕೈಯಲ್ಲಿದೆ. ಸೋತ ದಿನ ಐದು ಗಂಟೆಗೆ ಸೋತೆವೆಂದು ಖಾತ್ರಿಯಾಗಿ ಗೊತ್ತಾಗುವ, ಮನಸಾರೆ ಅತ್ತು, ಕೈತೊಳೆದು ಊಟಕ್ಕೆ ಕೂರಬಹುದಾದ ಆ ಹಳೆಯ ಸೋಲು ತಮ್ಮ ಗೋದಾಮಿನಲ್ಲಿ ಎಲ್ಲಾದರೂ ಬಿದ್ದಿದ್ದರೆ ದಯವಿಟ್ಟು ಹುಡುಕಿಸಿ.

ತಮ್ಮ ಮುಂದಿನ ಸ್ವರೂಪಕ್ಕಾಗಿ ನಡುಗುತ್ತಾ ಕಾಯುತ್ತಿರುವ, ಆರನೆಯವನಾದರೂ ಆಗಿ ಒಮ್ಮೆ ನೆಟ್ಟಗೆ ಮನೆ ಸೇರಬಯಸುವ,

ತಮ್ಮ ವಿಶ್ವಾಸಿ,
ಫಿರ್ಮಾಂ ಲಾಫಾರ್ಗ್
ಸ್ಟೇಷನ್ ಮಾಸ್ತರ (ನಿವೃತ್ತ), ಹಲಗೆಯ ಮಾಸ್ತರ (ಅಮಾನತು)

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲು ಸಭೆಯಲ್ಲಿ ಓದೋಣವೆಂದು ಜೇಬಿನಲ್ಲಿಟ್ಟುಕೊಂಡೆ, ಹಾಗಾಗಿ ತಡವಾಯಿತು. ಈಗ ಶನಿವಾರ ಮಧ್ಯಾಹ್ನ. ತಮ್ಮ ಪ್ರಮಾಣಪತ್ರ ಬರಲಿಲ್ಲ, ಉಪಾಧ್ಯಕ್ಷರೂ ಬರಲಿಲ್ಲ. ನಾನು ಓದಲು ಏಳುವಷ್ಟರಲ್ಲಿ ಬಾಸ್ತಿಯಾಂ ಎದ್ದ. “ಬೂಟಿಗೆ ಬಯ್ಯೋದು ಸಾಕು ಮಾಡಿ. ಬೂಟು ಜಾರ್ಲಿಲ್ಲ, ನನ್ನ ಮೊಣಕಾಲು ಮಡಚ್ಕೊಂತು. ಡಿಸೆಂಬರಿಂದ್ಲೂ ಹಂಗೇ ಇತ್ತು, ಹೇಳೋಕೆ ನಾಚ್ಕೆ ಆಯ್ತು. ನೀವೆಲ್ಲ ಬೂಟು ಬೂಟು ಅಂದ್ರಿ, ನಾನೂ ಬಾಯಿ ಮುಚ್ಕೊಂಡಿದ್ದೆ. ಎಂಟು ವಾರ ಮಾಮ ಆ ಕಡೆ ರಸ್ತೇಲಿ ಹೋಗ್ತಿದ್ರು, ನಾನು ಈ ಕಡೆ ಕೂತ್ಕೊಂಡು ನೋಡ್ತಿದ್ದೆ. ಒಂದು ದಿನಾನೂ ಊಟ ಸೇರ್ಲಿಲ್ಲ ನಂಗೆ” ಅಂದ. ಹೇಳಿ, ಕುಂಟುತ್ತಾ ಬಂದು ನನ್ನ ಪಕ್ಕದಲ್ಲಿ ಕೂತ. ಇಷ್ಟು ದೊಡ್ಡ ಆಳು ಊರಿನೆದುರು ಅಷ್ಟು ಹೇಳಿದಮೇಲೆ, ತಮ್ಮನ್ನು ದೂರುವ ಈ ಪತ್ರವನ್ನು ಓದಲು ನನಗೆ ನಾಲಿಗೆ ಏಳಲಿಲ್ಲ. ನಾನೂ ನಿಂತು, ತಮ್ಮ ನಿಯಮಾವಳಿಯ ಹನ್ನೊಂದನೆಯ ಪುಟ, ಅಂಕದ ಅಂತರದ ಕಲಮು ಇರುವ ಪುಟ, ಜನವರಿಯ ಆ ಶನಿವಾರ ನನ್ನ ಕೋಟಿನಲ್ಲೇ ಇತ್ತೆಂದೂ, ಪೆಯ್ರುಸಾಕ್ ಎಂಬ ಹೆಸರು ಕಿವಿಗೆ ಬಿದ್ದಮೇಲೆ ಅದನ್ನು ತೆಗೆದು ನೋಡಬೇಕೆಂದೇ ನನಗೆ ತೋಚಲಿಲ್ಲವೆಂದೂ ಒಪ್ಪಿಕೊಂಡೆ. ಆಮೇಲೆ ನೊಯೆಲಿ, “ಯಾರಿಗೆ ತಾನೇ ತೋಚಿತ್ತು?” ಎಂದಳು. ಕೈಯೆತ್ತುವುದಕ್ಕೂ ಬಿಡದೆ ಸೀಮೆಸುಣ್ಣವನ್ನು ನನ್ನ ಅಂಗೈಯಲ್ಲಿಟ್ಟು, “ಬರೆಯೋದು ನೀವೇ ಬರೀರಿ ಮಾಸ್ತರೇ. ಒರೆಸೋ ಬಟ್ಟೆ ಮಾತ್ರ ನನ್ನ ಹತ್ರ ಇರ್ಲಿ. ತಪ್ಪು ಅನ್ಸಿದ್ರೆ ಸಿಮೆಂಟ್ ಕಲಸೋದಕ್ಕೆ ಮುಂಚೆ ಒರೆಸ್ತೀನಿ” ಎಂದಳು. ಎಲ್ಲರೂ ಒಪ್ಪಿದರು, ಸೊಲಾಂಜ್ ಎಲ್ಲರಿಗೂ ಒಂದೊಂದು ಲೋಟ ವೈನು ಸುರಿದಳು.

ಆದ್ದರಿಂದ ಪ್ರಮಾಣಪತ್ರದ ತೊಂದರೆ ತೆಗೆದುಕೊಳ್ಳಬೇಡಿ. ನಿನ್ನೆಯ ಪತ್ರಿಕೆಯಲ್ಲಿ, ತಾವು ಬರುವ ವರ್ಷದ ಸ್ವರೂಪವನ್ನು ಪರಿಶೀಲಿಸಲು ಒಂಬತ್ತು ಮಂದಿ ತಜ್ಞರನ್ನು ನೇಮಿಸಿದ್ದೀರೆಂದು ಓದಿದೆ. ಒಂಬತ್ತೂ ಜನ ಬರೆಯುವವರೇ ಎಂದು ಕಾಣುತ್ತದೆ. ತಾವು ಅಪ್ಪಣೆ ಕೊಟ್ಟರೆ ನೊಯೆಲಿಯನ್ನು ಕಳಿಸಿಕೊಡುತ್ತೇವೆ. ಒರೆಸುವ ಬಟ್ಟೆ ಅವಳೇ ತರುತ್ತಾಳೆ.